ಯುವ ಅಧ್ಯಕ್ಷರ ಕೆಳಗಿನ ಬರ್ತ್

ನಮ್ಮೂರ ಸ್ಟೇಷನ್ನಿಗೆ ರಿಸರ್ವೇಶನ್ ಕಂಪ್ಯೂಟರ್ ಬಂದ ಹೊಸತು. ಮಂಡಿನೋವಿನ ಮುದುಕಿ ನೀಲವ್ವ, ದಿಲ್ಲಿಯಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟವಳು, ಸಾಲಿನಲ್ಲಿ ನಿಂತಿದ್ದಳು. ಆಕೆಯನ್ನು ಸರಿಸಿ ಗೂಳಪ್ಪಗೌಡರು ಕಿಟಕಿಗೆ ಬಂದರು. ಅವರು ಪಕ್ಷದ ಯುವ ಘಟಕದ ಅಧ್ಯಕ್ಷರು. ಕೂದಲಿಗೆ ವಾರವಾರವೂ ಕಪ್ಪು ಬಳಿಯುತ್ತಿದ್ದರು.

“ದಿಲ್ಲಿಗೆ ಯುವ ಸಮಾವೇಶಕ್ಕ ಹೊಂಟೇನಿ. ಕೆಳಗಿನ ಬರ್ತೇ ಬೇಕು.”

“ಒಂದೇ ಉಳದದ್ರೀ,” ಎಂದ ಗುಮಾಸ್ತ. “ಅದು ಅರವತ್ತು ದಾಟಿದವರಿಗೆ ಮೀಸಲು. ನೀವು ನಮ್ಮಪ್ಪನ ಓರಗೆಯವರು. ಖರೇ ವಯಸ್ಸು ಒತ್ತಲೇನ್ರೀ?”

ಗೌಡರು ದನಿ ತಗ್ಗಿಸಿದರು. “ಒತ್ತು. ಯಾರಿಗೆ ಗೊತ್ತಾಗತದ?”

“ಮೊದಲಾಗಿದ್ರ ಈ ಕಿಟಕ್ಯಾಗ ಉಳೀತಿತ್ರೀ. ಈಗ ಎಲ್ಲಾ ಊರಿನ ಕಂಪ್ಯೂಟರಿಗೂ ತಂತಿ ಕೂಡ್ಯದ. ಇಲ್ಲಿ ಒತ್ತಿದ್ದು ದಿಲ್ಲ್ಯಾಗೂ ಕಾಣಸ್ತದ. ನಿಮ್ಮ ಪಕ್ಷದವರು ಟಿಕೆಟ್ ತಗಸೂದು ಅಲ್ಲೇ ಅಲ್ಲೇನ್ರೀ?”

ಗೌಡರ ಕೈ ತಾನಾಗಿ ಕೂದಲಿಗೆ ಹೋಯಿತು. “ಮೂವತ್ತೆಂಟು ಅಂತ ಹಾಕು.”

“ಹಂಗಾರ ಮ್ಯಾಲಿನ ಬರ್ತ್ ಬರತದ್ರೀ.”

“ಬರಲಿ! ಏರಾಕ ನನಗೇನಾಗೇದ?”

ಕೆಳಗಿನ ಬರ್ತ್ ನೀಲವ್ವನಿಗೆ ಸಿಕ್ಕಿತು. ಆಕೆ ಖುಷಿಯಿಂದ ಗೌಡರ ಬೆನ್ನು ತಟ್ಟಿದಳು.

“ತಮ್ಮಾ, ಹರೇದಾಂವ ಅದೀ. ಗಾಡಿ ಬಂದಾಗ ನನ್ನ ಗಂಟೂ ಏರಿಸಿಬಿಡು.”