ದುಂಡಪ್ಪನ ಹೆಗಲ ಮೇಲೆ ಅಜ್ಜನವರ ಕೈ

ಮಲಪ್ರಭೆಯ ದಂಡೆಯಲ್ಲಿ ಪೂಜ್ಯ ಅಡವಯ್ಯ ಅಜ್ಜನವರು ವಾಸವಾಗಿದ್ದ ಮಠವೆಂದರೆ ಒಂದೇ ಕೋಣೆ, ಮುಂದೊಂದು ತಗಡಿನ ಚಪ್ಪರ. ಮಲಗಲು ಕಂಬಳಿ, ಬೇರು ಅರೆಯಲು ಒಂದು ಕಲ್ಲು. ಬಂದವರಿಗೆ ಔಷಧ ಕೊಡುವರು. ಉಪದೇಶ ಕೇಳಿದರೆ ಮಾತ್ರ "ಅದು ನನ್ನ ಹತ್ರ ಇಲ್ಲಪ್ಪ" ಎಂದು ನಗುವರು.

ಅದೇ ಊರಿನ ನೇಕಾರ ದುಂಡಪ್ಪನಿಗೆ ಹೊಳೆಯ ಹುಚ್ಚು. ಮಗ್ಗ ಹೊಟ್ಟೆಗೆ, ಹೊಳೆ ಜೀವಕ್ಕೆ ಎನ್ನುತ್ತಿದ್ದ. ಹತ್ತನೆಯ ವಯಸ್ಸಿನಿಂದ ಅರವತ್ತರವರೆಗೆ ದಿನಾ ಬೆಳಗ್ಗೆ ಆಚೆ ದಂಡೆ ಮುಟ್ಟಿ ಬಂದೇ ಮಗ್ಗದ ಮುಂದೆ ಕೂತವನು. ಎರಡು ವರ್ಷದ ಹಿಂದೆ ಹೊಳೆಯ ಪಾವಟಿಗೆ ಮೆಟ್ಟಿಲ ಮೇಲೆ ಜಾರಿಬಿದ್ದು ಬಲ ಹೆಗಲು ಮುರಿಯಿತು. ಎಲುಬು ಕೂಡಿಸುವ ಬಾಳಪ್ಪ ಪಟ್ಟು ಕಟ್ಟಿ, "ಇನ್ನ ಹೊಳಿ ಆಸೆ ಬಿಡು. ವಯಸ್ಸೂ ಆತು" ಎಂದುಬಿಟ್ಟ.

ಅಂದಿನಿಂದ ದುಂಡಪ್ಪನಿಗೆ ಎಲ್ಲರ ಮೇಲೂ ಗುಮಾನಿ. ಬಾಳಪ್ಪನ ಅಳಿಯ ರಾಚಪ್ಪ ಈಜಿನಲ್ಲಿ ಹೆಸರು ಮಾಡುತ್ತಿದ್ದಾನಲ್ಲ, ಪಟ್ಟನ್ನು ಬೇಕೆಂತಲೇ ಸೊಟ್ಟ ಕಟ್ಟಿರಬೇಕು! ಅವನು ಹೊಳೆಗಿಳಿಯದಿರಲೆಂದು ಹೆಂಡತಿ ಲಂಗೋಟಿ ಬಚ್ಚಿಟ್ಟಳು. ಅವಳೂ ಅವರ ಕಡೆಯೇ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಮಠದ ಚಪ್ಪರದಲ್ಲಿ ಕೂತು, "ಹೆಗಲು ಕೂಡೇತಿ. ಈಗೂ ಮಹಾಪೂರ ದಾಟಾಂವ ನಾನೊಬ್ನ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಒಂದು ಸಂಗತಿಯನ್ನು ಮಾತ್ರ ಹೆಂಡತಿಗೂ ಹೇಳಿರಲಿಲ್ಲ. ಹೋದ ತಿಂಗಳು ಕದ್ದು ಹೊಳೆಗಿಳಿದಾಗ ನಡುನೀರಿನಲ್ಲಿ ತೋಳು ಸೆಟೆದು, ಕೊಚ್ಚಿಹೋಗಿ, ಜಾಲಿಯ ಟೊಂಗೆ ಕೈಗೆ ಸಿಕ್ಕಿದ್ದರಿಂದ ಬದುಕಿದ್ದ.

ಶ್ರಾವಣದ ಒಂದು ಮುಂಜಾನೆ ಅಜ್ಜನವರಿಂದ ಕರೆ ಬಂತು. ಇವರ ಕಿವಿಯನ್ನೂ ಬಾಳಪ್ಪ ಊದಿದನೋ ಏನೋ ಎಂದು ಗೊಣಗುತ್ತಲೇ ದುಂಡಪ್ಪ ಹೋದ.

ಅಜ್ಜನವರು ಬೇರಿನ ಗಂಟನ್ನು ತಲೆಗೆ ಕಟ್ಟಿಕೊಂಡು ದಂಡೆಯ ಮೇಲೆ ನಿಂತಿದ್ದರು. ಆಚೆ ಊರಿನ ಬಾಣಂತಿಯೊಬ್ಬಳು ಮೂರು ದಿನದಿಂದ ಜ್ವರದಲ್ಲಿ ಬಡಬಡಿಸುತ್ತಿದ್ದಾಳೆಂದು ಅಲ್ಲಿಯವರು ಎದುರು ದಂಡೆಯಿಂದ ಕೂಗಿ ಹೇಳಿದ್ದರು. ಹರಿಗೋಲು ಒಡೆದು ಬೋರಲು ಬಿದ್ದಿತ್ತು.

"ನಾಡಿ ನೋಡದೇ ಔಷಧ ಕೊಡಾಕ ಬರೂದಿಲ್ಲ. ನನ್ನ ದಾಟಸ್ತೀ ಏನಪ್ಪ?"

ದುಂಡಪ್ಪನಿಗೆ ಅನ್ನಿಸಿತು: ಇದು ಪರೀಕ್ಷೆ! ಒಲ್ಲೆ ಎಂದರೆ ಸಂಜೆಯೊಳಗೆ ಊರೆಲ್ಲ ಡಂಗುರ. ಬಾಳಪ್ಪ ಎಲ್ಲಿ ಅಡಗಿ ನೋಡುತ್ತಿದ್ದಾನೋ ಎಂದು ಪೊದೆಗಳ ಹಿಂದೆಲ್ಲ ಕಣ್ಣಾಡಿಸಿದ. ಯಾರೂ ಇರಲಿಲ್ಲ. ಬಾಯಿ ಮಾತ್ರ ರೂಢಿಯಂತೆ, "ಅದೇನ್ ದೊಡ್ಡ ಮಾತ್ರೀ, ದಾಟಸ್ತೀನಿ" ಎಂದುಬಿಟ್ಟಿತು.

ಆ ಊರಿನಲ್ಲಿ ಈಜು ಬಾರದವರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡೇ ನೀರಿಗಿಳಿಯಬೇಕು. ಆದರೆ ಪಳಗಿದ ಈಜುಗಾರನ ಹೆಗಲು ಹಿಡಿದವರು ಬುರುಡೆ ಕಟ್ಟುವಂತಿಲ್ಲ. ಕಟ್ಟಿದರೆ ಅವನ ಮುಖಕ್ಕೆ ಉಗುಳಿದಂತೆ. ಚಪ್ಪರದಲ್ಲಿ ಎರಡು ಬುರುಡೆ ತೂಗುತ್ತಿದ್ದವು. ಈಗ ಅಜ್ಜನವರ ಕೈ ಅಲ್ಲಿಗೆ ಹೋಗುತ್ತದೆ, ಅವರ ಬಣ್ಣ ಬಯಲಾಗುತ್ತದೆ ಎಂದು ದುಂಡಪ್ಪ ಓರೆಗಣ್ಣಿನಲ್ಲಿ ಕಾದ. ಅಜ್ಜನವರು ಅತ್ತ ನೋಡಲೂ ಇಲ್ಲ. ಅವನ ಹಿಂದೆಯೇ ನೀರಿಗಿಳಿದರು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಆಗ ಎರಡೂ ಕೈಗಳನ್ನು ಅವನ ಹೆಗಲ ಮೇಲೆ ಇಟ್ಟರು. ಇನ್ನೊಂದು ಹೆಜ್ಜೆ ಇಟ್ಟರೆ ನೆಲ ತಪ್ಪುತ್ತಿತ್ತು.

"ಅಜ್ಜಾರ, ನಿಮಗ ಅಂಜಿಕಿ ಆಗವಲ್ದೇನ್ರಿ?"

"ನೀ ಅದೀಯಲ್ಲ."

ಆ ಮಾತಿನ ಹಿಂದೆ ಏನಿದೆಯೆಂದು ದುಂಡಪ್ಪ ಹುಡುಕಿದ. ಏನೂ ಸಿಗಲಿಲ್ಲ. ಮುರಿದ ಹೆಗಲ ಮೇಲೆ ಆ ಮುದಿ ಕೈ ಹಗುರವಾಗಿ ಕೂತಿತ್ತು. ಅವನು ನೀರಿನಲ್ಲಿ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತ.

"ಆಗಂಗಿಲ್ರೀ ಅಜ್ಜಾರ. ನನ್ನ ತೋಳ ಹೋಗೇತಿ. ಬಾಳಪ್ಪ ಖರೇನ ಹೇಳಿದ್ದ."

"ಹಂಗಾರ ಯಾರ ಕೈಲಿ ಆಗತೈತಿ?"

ಆ ಹೆಸರು ಗಂಟಲಿನಿಂದ ಹೊರಬರುವಾಗ ದುಂಡಪ್ಪನಿಗೆ ಹೆಗಲು ಮುರಿದಾಗಿನದಕ್ಕಿಂತ ಹೆಚ್ಚು ನೋವಾಯಿತು. "ರಾಚಪ್ಪ" ಎಂದ. ಎರಡು ವರ್ಷದಿಂದ ತುಳಿಯದಿದ್ದ ಓಣಿಗೆ ಒದ್ದೆ ಮೈಯಲ್ಲೇ ಓಡಿ, ರಾಚಪ್ಪನ ಕೈ ಹಿಡಿದು ಕರೆತಂದ. ಅಜ್ಜನವರ ಸೊಂಟಕ್ಕೆ ತಾನೇ ಬುರುಡೆ ಕಟ್ಟತೊಡಗಿದ.

"ನಾ ಇರೂವಾಗ ಬುರುಡಿ ಯಾಕ್ರೀ ಕಾಕಾ?" ಎಂದು ರಾಚಪ್ಪ ಮುಖ ಊದಿಸಿದ.

"ಸುಮ್ಕಿರಲೇ. ನಾನೂ ಹಿಂಗ ಅಂತಿದ್ದೆ."

ಅವರು ದಾಟುವಷ್ಟೂ ಹೊತ್ತು ದುಂಡಪ್ಪ ದಂಡೆಯುದ್ದಕ್ಕೂ ಓಡುತ್ತ, "ಎಡಕ್ಕ ಜಗ್ಗು! ಬಂಡಿಗಲ್ಲ ಕೆಳಗ ಸುಳಿ ಐತಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಐವತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಹೊಳೆಯ ಗುಟ್ಟುಗಳೆಲ್ಲ ಆ ಅರ್ಧ ತಾಸಿನಲ್ಲಿ ರಾಚಪ್ಪನ ಪಾಲಾದವು.

ಬಾಣಂತಿಯ ಜ್ವರ ಇಳಿದ ಮೇಲೆ, ನಾಲ್ಕನೆಯ ದಿನ ಅಜ್ಜನವರು ಮರಳಿದರು. ದುಂಡಪ್ಪನ ಹೊಟ್ಟೆಯಲ್ಲಿ ಕೊನೆಯದೊಂದು ಗುಮಾನಿ ಉಳಿದಿತ್ತು.

"ನನ್ನ ತೋಳಿನ ಸಂಗತಿ ನಿಮಗ ಗೊತ್ತಿತ್ತಲ್ರೀ? ನನ್ನ ಬಾಯಿ ಬಿಡಸಾಕ ಈ ಆಟ ಹೂಡಿದ್ರಿ, ಹೌದಲ್ರೀ?"

ಅಜ್ಜನವರು ಬೇರು ಅರೆಯುವುದನ್ನು ನಿಲ್ಲಿಸಿದರು.

"ಬಾಳಪ್ಪ ಹೇಳಿದ್ದ. ಆದ್ರ ತೋಳು ನಿಂದು. ದಾಟಸ್ತೀನಿ ಅಂತ ನೀ ಅಂದಿ, ನಾ ನಂಬಿದೆ. ನನಗೇನು ಈಜು ಬರತೈತೇನಪ್ಪ? ನೀ ಇನ್ನೊಂದು ಹೆಜ್ಜಿ ಇಟ್ಟಿದ್ರ ನಾನೂ ಇಡತಿದ್ದೆ."

ದುಂಡಪ್ಪ ಅಲ್ಲೇ ಬಾಗಿದ. ಅಜ್ಜನವರ ಪಾದದ ಮೇಲೆ ಹಣೆಯಿಟ್ಟವನು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಅವನು ಮತ್ತೆಂದೂ ಹೊಳೆಗಿಳಿಯಲಿಲ್ಲ. ಅಜ್ಜನವರ ಪವಾಡ ಏನು ಕಂಡಿ ಎಂದು ಭಕ್ತರು ಕೇಳಿದರೆ, "ನನ್ನಂಥಾವನ ಮಾತು ನಂಬಿದ್ರು" ಎಂದಷ್ಟೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದ.