ಸಣ್ಣೀರಿಬಿಸಿಲು

ಸಣ್ಣೀರಿಬಿಸಿಲು ಎಂಬ ಜಾಗದಲ್ಲಿ ಈಗ ಬಿಸಿಲೇ ಇಲ್ಲ. ಹೆರಗಲ್ಲು ಹಳ್ಳವನ್ನು ದಾಟಿ ಘಟ್ಟದ ಕಾನಿನೊಳಗೆ ಹೊಕ್ಕರೆ ಒಂದು ಸಮತಟ್ಟಾದ ನೆಲ ಸಿಗುತ್ತದೆ. ಅಲ್ಲಿ ನಡುಹಗಲಿನಲ್ಲಿಯೂ ಮಬ್ಬುಗತ್ತಲೆ. ತರಗೆಲೆಯ ಮೇಲೆ ಕಾಲಿಟ್ಟರೆ ಒದ್ದೆ, ತಲೆಯೆತ್ತಿ ನೋಡಿದರೆ ಎಲೆ, ಎಲೆಯ ಮೇಲೆ ಮತ್ತೆ ಎಲೆ. ಹೊರಗಿನಿಂದ ಬಂದವರು ಸುತ್ತ ನೋಡಿ, ಇಷ್ಟು ಕತ್ತಲೆಗೆ ಬಿಸಿಲೆಂದು ಹೆಸರಿಟ್ಟವನು ಯಾವ ಬುದ್ಧಿವಂತನೆಂದು ಕೇಳಿ ನಗುತ್ತಾರೆ. ಅವರಿಗೆ ದಾರಿ ತೋರಿಸಲು ಹೋದಾಗಲೆಲ್ಲ ಈ ನಗು ಕೇಳಿ ನನಗೆ ಸಿಟ್ಟು ಬಂದಿದೆ. ಆ ಹೆಸರನ್ನು ಬುದ್ಧಿವಂತರು ಇಟ್ಟಿದ್ದಲ್ಲ. ಕಣ್ಣೆದುರಿಗೆ ನಡೆದದ್ದನ್ನು ನಂಬಲಾರದೆ ನಿಂತವರ ಬಾಯಿಂದ ಅದು ಬಂದದ್ದು.

ಹಿಂದೆ ಒಮ್ಮೆ ಈ ಕಾನಿನಲ್ಲಿ ಧೂಪದವರೆಂಬ ಕೆಲವು ಮನೆತನಗಳಿದ್ದವು ಎನ್ನುತ್ತಾರೆ. ಧೂಪದ ಮರದ ತೊಗಟೆಗೆ ಕಚ್ಚು ಹಾಕಿ, ಒಸರುವ ಅಂಟನ್ನು ಬಳಿದು, ಒಣಗಿಸಿ, ಘಟ್ಟದ ಮೇಲಿನ ಗುಡಿಗಳಿಗೆ ಕೊಟ್ಟು ಅಕ್ಕಿ ತರುವುದು ಅವರ ಬದುಕು. ಒಂದೊಂದು ಮನೆಗೂ ಅದರದೇ ಮರಗಳು. ಯಾವ ಮರ ಧಾರಾಳವಾಗಿ ಅಂಟು ಸುರಿಸುತ್ತದೋ ಅದು ಆ ಮನೆಗೆ ಒಲಿದ ಮರವೆಂದು ಅವರ ನಂಬಿಕೆ. ಒಲಿದ ಮರವೇ ಆ ಮನೆಯ ಹೆಣ್ಣುಮಕ್ಕಳನ್ನು ಧಾರೆಯೆರೆದು ಕೊಡಬೇಕು. ಮದುವೆಯ ದಿನ ಮದುಮಗಳ ಬಲಗೈಯನ್ನು ನಾರಿನ ಹಗ್ಗದಿಂದ ಮರಕ್ಕೆ ಕಟ್ಟಿ, ಹೊಸ ಕಚ್ಚಿನಿಂದ ಒಸರಿದ ಅಂಟನ್ನು ಅವಳ ಹಣೆಗೆ ಇಡುತ್ತಿದ್ದರು. ಅಂಟು ಒಣಗಿ ಗಟ್ಟಿಯಾದ ಮೇಲೆ ತಂದೆಯೇ ಬಂದು ಗಂಟು ಬಿಚ್ಚಬೇಕು. ಅಂಟು ಒಸರದಿದ್ದರೆ ಮರ ಒಪ್ಪಲಿಲ್ಲವೆಂದು ಗಂಡಿನ ಕಡೆಯವರು ಎದ್ದು ನಡೆಯುವರು.

ಜಟ್ಟನೆಂಬವನ ಒಬ್ಬಳೇ ಮಗಳು ಸಣ್ಣೀರಿ. ಅವಳ ಮದುವೆ ಗೊತ್ತಾದ ವರ್ಷವೇ ಜಟ್ಟನ ದೊಡ್ಡ ಧೂಪದ ಮರದಲ್ಲಿ ಅಂಟು ಬತ್ತಿತು. ಅವನ ಅಜ್ಜನ ಕಾಲದಿಂದ ಕಚ್ಚು ತಿಂದ ಮರ ಅದು. ಜಟ್ಟನಿಗೆ ಅನ್ನ ಸೇರಲಿಲ್ಲ. ಹಸೆಯಿಂದ ಎದ್ದ ಹೆಣ್ಣೆಂದು ಮಗಳಿಗೆ ಹೆಸರು ಬಂದರೆ ಮತ್ತೆ ಯಾರು ಕೇಳಿಕೊಂಡು ಬರುತ್ತಾರೆ? ಅವನು ಯಾರಿಗೂ ಹೇಳದೆ ಹೋಗಿ ಹಳೆಯ ಕಚ್ಚುಗಳ ನಡುವೆ ಆಳವಾಗಿ ಹೊಸ ಕಚ್ಚು ಹಾಕಿದ. ಸಾಲದೆಂದು ಬುಡದ ಸುತ್ತ ಪುರಲೆ ಒಟ್ಟಿ ಬೆಂಕಿಯಿಟ್ಟ. ಮರ ಸುರಿಸತೊಡಗಿತು. ಮರಕ್ಕೆ ಪೂಜೆ ಮಾಡಲು ಬಂದ ಅವನ ಸೋದರತ್ತೆ ದುಗ್ಗಮ್ಮ ಕಪ್ಪಾದ ಬುಡವನ್ನು ಕಂಡಳು.

"ಸುಟ್ಟಿದೀಯಲ್ಲೋ ಜಟ್ಟ."

"ಮಗಳ ಮದುವೆ ಕಣತ್ತೆ. ಒಂಚೂರು ಬಿಸಿ ತಾಗಿದ್ರೆ ಏನಾಗ್ತೈತೆ? ನೋಡು, ಹೆಂಗೆ ಒಲ್ದೈತೆ."

ದುಗ್ಗಮ್ಮ ನೋಡಿದಳು. ಅಷ್ಟು ಅಂಟನ್ನು ಅವಳೂ ಕಂಡಿರಲಿಲ್ಲ. ಮರಕ್ಕೆ ಕೈಮುಗಿದಳು.

ಮದುವೆಯ ಹಿಂದಿನ ದಿನವೆಲ್ಲ ಮಳೆ. ಬೆಳಿಗ್ಗೆ ಮಳೆ ನಿಂತಿತ್ತು, ಒಂದೆಲೆಯೂ ಅಲುಗುತ್ತಿರಲಿಲ್ಲ. ಗಂಡಿನ ಕಡೆಯವರು ಅಂಟಿನ ಧಾರೆ ಕಂಡು ತಲೆದೂಗಿದರು. ಜಟ್ಟ ತನ್ನ ಕೈಯಾರೆ ಮಗಳ ಕೈಯನ್ನು ಮರಕ್ಕೆ ಕಟ್ಟಿದ. ಸಂತೋಷಕ್ಕೋ ಏನೋ, ಗಂಟನ್ನು ಎರಡು ಸುತ್ತು ಹೆಚ್ಚೇ ಬಿಗಿದ. ಹಣೆಗೆ ಅಂಟಿಟ್ಟು, ಅದು ಒಣಗಲೆಂದು ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಕೂತರು. ಆಗ ಮೇಲೆಲ್ಲೋ ಬಳ್ಳಿಯೊಂದು ಪಟಾರನೆ ಹರಿದ ಸದ್ದಾಯಿತು. ಗಾಳಿಯಿಲ್ಲ, ಸಿಡಿಲಿಲ್ಲ. ಇನ್ನೊಂದು ಬಳ್ಳಿ ಹರಿಯಿತು. ತಲೆಯೆತ್ತಿದವರಿಗೆ ಕಂಡದ್ದು, ಆಕಾಶದಷ್ಟೆತ್ತರದ ಮರ ಮೆಲ್ಲಗೆ ವಾಲುತ್ತಿರುವುದು. ಕೂತಿದ್ದವರೆಲ್ಲ ಓಡಿದರು. ಜಟ್ಟನೂ ಓಡಿದ. ಹೇಳುವುದಕ್ಕೆ ನಾಲಗೆ ಬರುವುದಿಲ್ಲ, ಆದರೆ ಅವನು ಎಲ್ಲರಿಗಿಂತ ಮುಂದೆ ಓಡಿದ. ಕಾಲು ಓಡಿತು, ಅಷ್ಟೇ. ಹಿಂದಿನಿಂದ ಮಗಳ ದನಿ ಕೇಳಿತು. ಅವಳು ಕಿರುಚಲೂ ಇಲ್ಲವಂತೆ.

"ಅಪ್ಪಯ್ಯ, ಗಂಟು."

ಅವನು ತಿರುಗುವಷ್ಟರಲ್ಲಿ ಮರ ಬಿದ್ದಿತ್ತು. ಅದೊಂದೇ ಬೀಳಲಿಲ್ಲ. ತೊಡೆಗಾತ್ರದ ಬಳ್ಳಿಗಳು ಅದನ್ನು ಸುತ್ತಲಿನ ಮರಗಳಿಗೆ ಹೆಣೆದಿದ್ದವು. ಬೀಳುವ ಮರ ಪಕ್ಕದ್ದನ್ನು ಎಳೆಯಿತು, ಪಕ್ಕದ್ದು ಇನ್ನೊಂದನ್ನು. ರೋಗವಿಲ್ಲದ, ಕಚ್ಚು ಕಾಣದ ಮರಗಳು ಕೂಡ ಬೇರು ಕಿತ್ತುಕೊಂಡು ಮಲಗಿದವು. ಸದ್ದು ನಿಂತಾಗ, ಹುಟ್ಟಿದಾರಭ್ಯ ಕತ್ತಲೆಯನ್ನೇ ಕಂಡಿದ್ದ ಆ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಕಣ್ಣು ಕುಕ್ಕುವ ಹಸಿ ಬಿಸಿಲು. ಯಾರೂ ಅಳಲಿಲ್ಲ. ಅಳಬೇಕೆಂದೇ ತೋಚಲಿಲ್ಲ ಎನ್ನುತ್ತಾರೆ.

ಜಟ್ಟ ಮುರಿದ ಕಾಂಡದ ಬಳಿಗೆ ಹೋಗಿ ಒಳಗೆ ಕೈಯಿಟ್ಟ. ಕೈ ಭುಜದವರೆಗೂ ಹೋಯಿತು. ತಿರುಳಿಲ್ಲ, ಗೆದ್ದಲಿನ ಮಣ್ಣು, ಕೊಳೆತ ನೀರು. ಹೊರಗಿನ ಬರಿಯ ನಾಲ್ಕು ಬೆರಳು ದಪ್ಪದ ಚಕ್ಕೆಯ ಮೇಲೆ ಮರ ನಿಂತಿತ್ತು, ಆ ಚಕ್ಕೆಯಿಂದ ಇನ್ನೂ ಅಂಟು ಒಸರುತ್ತಿತ್ತು. ಅಂಟು ಮರದ ಒಲವಲ್ಲ. ಗಾಯದ ಬಾಯಿ ಮುಚ್ಚಿಕೊಳ್ಳಲು ಮರ ಸುರಿಸುವ ಔಷಧಿ ಅದು. ಮುಚ್ಚದ ಗಾಯದಿಂದ ಹುಳು ಹೊಕ್ಕು, ಅಣಬೆ ಹೊಕ್ಕು, ಒಳಗಿನಿಂದ ತಿನ್ನುತ್ತವೆ. ಕಾನಿನಲ್ಲಿ ಮರ ಸಾಯುವ ಬಗೆಯೇ ಹೀಗೆ ಮೋಸದ್ದು. ಸಿಡಿಲು ಹೊಡೆದರೂ ತಿಂಗಳುಗಟ್ಟಲೆ ಹಸಿರಾಗಿ ನಿಂತಿರುತ್ತದೆ. ಹಕ್ಕಿ ತಂದ ಬೀಜದಿಂದ ನೆತ್ತಿಯ ಮೇಲೆ ಹುಟ್ಟಿದ ಗೋಳಿಮರ ತಬ್ಬಿಕೊಂಡೇ ಕೊಲ್ಲುತ್ತದೆ. ಮಳೆ ತಪ್ಪಿದ ವರ್ಷದ ಪೆಟ್ಟು ಎಷ್ಟೋ ವರ್ಷದ ಮೇಲೆ ತಿಳಿಯುತ್ತದೆ. ಕೊನೆಗೆ ಒಂದು ದಿನ, ನೀರು ಕುಡಿದ ಪಾಚಿ, ಬಂದಳಿಕೆ, ಎಲೆಗಳ ಭಾರಕ್ಕೇ ಬೀಳುತ್ತದೆ. ಇದನ್ನೆಲ್ಲ ಧೂಪದವರು ಕಂಡಿದ್ದರು. ಕಂಡೂ ಒಲಿದ ಮರಕ್ಕೆ ಸಾವಿಲ್ಲವೆಂದುಕೊಂಡಿದ್ದರು.

"ಮರ ಒಲ್ದಿರ್ಲಿಲ್ಲ ಅತ್ತೆ," ಎಂದನಂತೆ ಜಟ್ಟ. "ನಾವು ಕೊಲ್ತಾ ಇದ್ವಿ."

ಬಿದ್ದ ಮರಗಳ ರಾಶಿ ಸರಿಸಲು ಮನುಷ್ಯರಿಂದ ಸಾಧ್ಯವಿರಲಿಲ್ಲ. ಸಣ್ಣೀರಿ ಅಲ್ಲೇ ಉಳಿದಳು. ಅವಳ ಮೇಲೆ ಬಿಸಿಲು ಬೀಳುತ್ತಿತ್ತು. ಜನ ಆ ಕಡೆ ಬೆರಳು ತೋರಿಸಿ, ಅದು ಸಣ್ಣೀರಿಯ ಬಿಸಿಲು ಎಂದರು. ನೆರಳಿನಲ್ಲಿ ಗೇಣುದ್ದ ಬೆಳೆದು ವರ್ಷಗಟ್ಟಲೆ ಕಾದಿದ್ದ ಸಸಿಗಳಿಗೆ ಬೆಳಕು ಸಿಕ್ಕಿತು. ಅವು ಒಂದರ ಮೇಲೊಂದು ಪೈಪೋಟಿಯಿಂದ ಎದ್ದವು. ಜಟ್ಟನ ಮುಪ್ಪಿನೊಳಗೆ ಮೇಲಿನ ಕಿಂಡಿ ಮುಚ್ಚಿತು, ಹೆಸರು ಮಾತ್ರ ಉಳಿಯಿತು.

ಇಂದು ಹೋದವರಿಗೆ ಅಲ್ಲಿ ಒಂದೇ ವಯಸ್ಸಿನ ಮರಗಳು ಕಾಣುತ್ತವೆ. ಕಚ್ಚು ಬಿದ್ದ ಮರ ಒಂದೂ ಇಲ್ಲ. ಧೂಪದವರ ಮನೆತನದವರು ಈಗ ಹಳ್ಳದ ಈಚೆ ಗದ್ದೆ ಮಾಡಿಕೊಂಡಿದ್ದಾರೆ. ಅವರ ಮದುವೆಗೆ ಹೋದರೆ ಒಂದು ಕ್ರಮ ನೋಡಬಹುದು. ಬಯಲಿನಲ್ಲಿ ಹಸೆ ಹಾಕುತ್ತಾರೆ, ಹಗ್ಗವಿಲ್ಲ, ಗಂಟಿಲ್ಲ. ಶಾಸ್ತ್ರ ಶುರುವಾದಾಗಿನಿಂದ ಮುಗಿಯುವತನಕ ತಂದೆ ಮಗಳ ಬಲಗೈ ಹಿಡಿದು ನಿಂತಿರಬೇಕು. ಬೆವರೊರೆಸಿಕೊಳ್ಳಲಿಕ್ಕೂ ಬಿಡುವಂತಿಲ್ಲ, ಮಳೆ ಬಂದರೂ ಬಿಡುವಂತಿಲ್ಲ. ಗಂಡನ ಮನೆಗೆ ಹೊರಟ ಹುಡುಗಿಯರ ಮಣಿಕಟ್ಟಿನ ಮೇಲೆ ಅಪ್ಪನ ಐದು ಬೆರಳು ಕೆಂಪಗೆ ಮೂಡಿರುತ್ತವೆ.