ನಡುಗುವ ಕೈಯ ಬಳೆಗಾರ

"ಗುರುಗಳೇ, ಕುಡಿತ ಬಿಟ್ಟವರ ಕೂಟಗಳಿಗೆಲ್ಲ ಹೋಗಿ ಬಂದೆ. ಒಂದೂ ನನಗೆ ಹೊಂದಲಿಲ್ಲ. ನನಗೆ ತಕ್ಕ ಕೂಟ ಯಾವುದೆಂದು ನೀವೇ ಹೇಳಬೇಕು" ಎಂದು ಶಿಷ್ಯ ಕೇಳಿದ.

ಗುರುಗಳು ನಿಟ್ಟುಸಿರು ಬಿಟ್ಟರು. ಈ ಪ್ರಶ್ನೆಯನ್ನು ಇದೇ ಬಾಯಿ ಸಂಕ್ರಾಂತಿಗೂ ಕೇಳಿತ್ತು, ಯುಗಾದಿಗೂ ಕೇಳಿತ್ತು. ಈ ಸಲ ಶಿಷ್ಯ ಸುಡುಬೇಸಿಗೆಯಲ್ಲೂ ಶಾಲು ಹೊದ್ದು, ಎರಡು ಕೈಗಳನ್ನೂ ಅದರೊಳಗೆ ಅಡಗಿಸಿಕೊಂಡು ಕುಳಿತಿದ್ದ. ಒಂದು ಕೂಟ ದೂರವಂತೆ, ಇನ್ನೊಂದರಲ್ಲಿ ಮಾತು ಹೆಚ್ಚಂತೆ. ಬುದ್ಧಿ ಹೇಳಿ ಹೇಳಿ ಗುರುಗಳ ಗಂಟಲು ಒಣಗಿತ್ತು. ಕತೆಯನ್ನಾದರೂ ಕೇಳಿಸಿಕೊಳ್ಳುತ್ತಾನೋ ನೋಡೋಣವೆಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಹೆಂಡದ ಚಟಕ್ಕೆ ಬಿದ್ದು ಅವನ ಕೈ ನಡುಗಲಾರಂಭಿಸಿತು. ಗಾಜಿನ ಬಳೆ ನಡುಗುವ ಕೈಯ ಮಾತು ಕೇಳುತ್ತದೆಯೇ? ಗೆಣ್ಣಿನ ಹತ್ತಿರ ಬಂದು ಪಟ್ಟನೆ ಒಡೆಯುತ್ತಿತ್ತು. ಹೆಂಗಸರ ಕೈಗೆ ಗಾಯವಾಗುತ್ತಿತ್ತು. ಮೊದಮೊದಲು ಬೈದರು, ಆಮೇಲೆ ಅವನನ್ನು ಕಂಡರೆ ಬಾಗಿಲು ಹಾಕಿಕೊಂಡರು.

ಅಷ್ಟರಲ್ಲಿ ಅವನ ಮಗಳ ಮದುವೆ ಗೊತ್ತಾಯಿತು. ಮದುಮಗಳಿಗೆ ಹಸಿರು ಬಳೆ ತೊಡಿಸುವಾಗ ಒಂದು ಒಡೆದರೂ ಅಪಶಕುನವೆನ್ನುವ ಊರು ಅದು. ಪಕ್ಕದೂರಿನ ಬಳೆಗಾರನನ್ನು ಕರೆಸೋಣವೆಂದು ಹಿರಿಯರು ಹೇಳಿದರು. ಮಗಳು ಒಪ್ಪಲಿಲ್ಲ. "ತೊಟ್ಟರೆ ಅಪ್ಪನ ಕೈಯಿಂದಲೇ ತೊಡುತ್ತೇನೆ. ಇಲ್ಲವಾದರೆ ಬರಿಗೈಯಲ್ಲೇ ಹಸೆಗೆ ಕೂರುತ್ತೇನೆ" ಎಂದಳು. ಊರಿಗೆಲ್ಲ ಬಳೆ ತೊಡಿಸಿದವನ ಮಗಳು ಬರಿಗೈಯಲ್ಲಿ ಕೂರುವುದೇ? ಬಳೆಗಾರ ಕುಡಿತ ಬಿಟ್ಟೇ ಬಿಡುತ್ತೇನೆಂದು ಆಣೆ ಮಾಡಿ, ಬಿಟ್ಟವರು ಸೇರುವ ಕೂಟವನ್ನು ಹುಡುಕಿಕೊಂಡು ಹೊರಟ.

ಧರ್ಮಶಾಲೆಯ ಕೂಟದಲ್ಲಿ ಒಬ್ಬ ತನ್ನ ಕತೆ ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಗಂಡಸರು ಅಳುವ ಜಾಗ ತನಗಲ್ಲವೆಂದು ಬಳೆಗಾರ ಎದ್ದು ಬಂದ. ಕೆರೆಯಾಚೆಯ ಕೂಟಕ್ಕೆ ಹೋದರೆ ಅಲ್ಲಿ ಎಲ್ಲರೂ ನಗುತ್ತಿದ್ದರು. ಬಿಟ್ಟವರಿಗೆ ಇಷ್ಟು ನಗು ಎಲ್ಲಿಂದ ಬಂತು, ಇವರು ಕದ್ದು ಕುಡಿಯುವವರೇ ಇರಬೇಕೆಂದು ಅನುಮಾನಪಟ್ಟ. ಮತ್ತೊಂದು ಕಡೆ ಚಾಪೆ ಹರಿದಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೆಂಡದಂಗಡಿಯಲ್ಲಿ ಈ ಮಹಾಶಯ ಎಂದಾದರೂ ಚಾಪೆ ಕೇಳಿದ್ದನೇ? ಪಕ್ಕದಲ್ಲಿದ್ದವನು ಅಳುತ್ತಾನೋ ನಗುತ್ತಾನೋ ನೋಡಿದ್ದನೇ? ಕೂಟದಿಂದ ಮುಖ ಸಿಂಡರಿಸಿಕೊಂಡು ಹಿಂದಿರುಗುವಾಗೆಲ್ಲ ದಾರಿಯಲ್ಲಿ ಅದೇ ಅಂಗಡಿ, ಅದೇ ಹೆಂಡ. ಮದುವೆ ಹತ್ತಿರ ಬಂತು. ಕೈ ನಡುಗುತ್ತಲೇ ಇತ್ತು.

ಒಂದು ಮಧ್ಯಾಹ್ನ ಅವನು ಕೆಂಡಾಮಂಡಲವಾಗಿ ಮನೆಗೆ ಬಂದು, ಬಳೆಯ ಮಲಾರವನ್ನು ಹೆಗಲಿಂದಿಳಿಸಿ ಗೂಟಕ್ಕೆ ಹಾಕಿದ.

"ಏನಾಯಿತಪ್ಪಾ?" ಎಂದು ಮಗಳು ಕೇಳಿದಳು.

"ಏನಾಗಬೇಕು! ದೂರದ ಊರಲ್ಲಾದರೂ ವ್ಯಾಪಾರ ಆದೀತು ಅಂತ ಹೋದೆ. ಒಬ್ಬಳು ಸೆರಗಿನೊಳಗೆ ಕೈ ಇಟ್ಟುಕೊಂಡು ಹೊಸ್ತಿಲಲ್ಲೇ ನಿಂತಳು. ಮಲಾರ ಪೂರ್ತಿ ಬಿಚ್ಚಿಸಿದಳು. ಇದು ಬಿಗಿ, ಅದು ಸಡಿಲ ಅಂದಳು. ಕೈ ಚಾಚಮ್ಮಾ, ಅಳತೆ ನೋಡೋಣ ಅಂದರೆ, ಕಣ್ಣಲ್ಲೇ ಗೊತ್ತಾಗುತ್ತೆ ಅಂತಾಳೆ. ಕೊನೆಗೆ, ನಿನ್ನ ಹತ್ತಿರ ನನಗಾಗುವ ಬಳೆಯೇ ಇಲ್ಲ ಅಂತ ಬಾಗಿಲು ಹಾಕಿಕೊಂಡಳು!"

"ಆ ಕೂಟಗಳಲ್ಲಿ ನೀನು ಏನು ಮಾತಾಡಿದೆ ಅಪ್ಪಾ?"

"ನಾನ್ಯಾಕೆ ಮಾತಾಡಲಿ? ಬಾಗಿಲ ಹತ್ತಿರ ಕೂತು ನೋಡಿಕೊಂಡು ಬಂದೆ."

"ಹಾಗಾದರೆ ಆ ಅಮ್ಮನ ಮೇಲೆ ಯಾಕೆ ಸಿಟ್ಟು?"

ಬಳೆಗಾರ ಊಟ ಮಾಡಲಿಲ್ಲ. ಅಂದು ಸಂಜೆ ಧರ್ಮಶಾಲೆಯ ಕೂಟಕ್ಕೇ ಮತ್ತೆ ಹೋದ. ಬಾಗಿಲ ಬಳಿ ಕೂರದೆ ಎಲ್ಲರ ನಡುವೆ ಹೋಗಿ ಕುಳಿತು, ಎರಡು ಕೈಗಳನ್ನೂ ಮುಂದೆ ಚಾಚಿದ. "ನೋಡಿ, ನಡುಗುತ್ತವೆ. ಮಗಳ ಮದುವೆ ಇದೆ" ಎಂದ. ಅಷ್ಟಕ್ಕೇ ಅವನಿಗೂ ಅಳು ಬಂತು. ಯಾರೂ ನಗಲಿಲ್ಲ. ಮೊನ್ನೆ ಅತ್ತವನು ಸರಿದು ಪಕ್ಕದಲ್ಲಿ ಜಾಗ ಮಾಡಿದ. ಬಳೆಗಾರ ಮರುದಿನವೂ ಹೋದ, ಅದರ ಮರುದಿನವೂ ಹೋದ. ಬೇಸರ ಬಂದ ದಿನವೂ ಗೊಣಗಿಕೊಂಡೇ ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಮದುವೆಯ ದಿನ ಒಂದು ಬಳೆಯೂ ಒಡೆಯಲಿಲ್ಲವೇ?" ಎಂದು ಶಿಷ್ಯ ಕೇಳಿದ.

"ಒಂದು ಒಡೆಯಿತು. ಹಿರಿಯರು ಮುಖ ಮುಖ ನೋಡಿಕೊಂಡರು. ಮಗಳು ಕೈ ಹಿಂದಕ್ಕೆಳೆಯಲಿಲ್ಲ. ಇನ್ನೊಂದು ತೊಡಿಸಪ್ಪಾ ಎಂದಳು. ಉಳಿದವೆಲ್ಲ ಸರಾಗವಾಗಿ ಏರಿದವು."

ಶಿಷ್ಯ ತಲೆದೂಗಿದ. ಕತೆ ಅವನಿಗೆ ಬಲು ಹಿಡಿಸಿತ್ತು. "ಸೊಗಸಾದ ಕತೆ ಗುರುಗಳೇ. ಆದರೆ ಆ ಬಳೆಗಾರನಿಗೆ ಸಿಕ್ಕಂಥ ಕೂಟ ನಮ್ಮ ಕಡೆ ಎಲ್ಲಿದೆ?" ಎಂದ.

ಗುರುಗಳು ಹಣೆ ಚಚ್ಚಿಕೊಂಡರು.

"ಮೊದಲು ಆ ಶಾಲಿನೊಳಗಿಂದ ಕೈ ಹೊರಗೆ ತೆಗೆ."